ಲೈಟು ಉರಿಯುತ್ತದೆ, ಸೆಲ್ಫ್ ಹೊಡೆಯುವುದಿಲ್ಲ

ಆರಿದ್ರಾ ಮಳೆ ಹಿಡಿಯಿತೆಂದರೆ ನನಗೆ ಎರಡು ಬಗೆಯ ಫೋನು ಬರುತ್ತವೆ. ತೋಟಕ್ಕೆ ಬೋರ್ಡೋ ಹೊಡೆದಾಯಿತೇ ಎಂದು ಕೇಳುವ ಭಾವಂದಿರದು ಒಂದು. ಇನ್ನೊಂದು ಹಳೆಯ ಕಾರು ಇಟ್ಟುಕೊಂಡವರದು. "ಮೇಷ್ಟ್ರೇ, ಬ್ಯಾಟ್ರಿ ಹಾಕ್ಸಿ ಆರು ತಿಂಗ್ಳು ಆಗಿಲ್ಲ. ಲೈಟು ಝಗ್ ಅಂತ ಉರೀತದೆ, ಹಾರ್ನು ಆಚೆ ಕೇರಿಗೆ ಕೇಳ್ತದೆ. ಕೀ ತಿರುಗ್ಸಿದ್ರೆ ಮಾತ್ರ ಟಕ್ ಅಂತದೆ, ಅಷ್ಟೇ. ಎಂತ ಮಾಡೂದು ಮಾರಾಯ್ರೆ?"

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ಎಂಬ ಕಾರಣಕ್ಕೆ ಇದು ನನಗೆ ಗೊತ್ತಿರಲೇಬೇಕು ಎಂದು ಜನ ನಂಬಿದ್ದಾರೆ. ಬೋರ್ಡಿನ ಮೇಲೆ ಓಮನ ನಿಯಮವನ್ನು ಎಷ್ಟು ವರ್ಷ ಬರೆದೆನೋ ಲೆಕ್ಕವಿಲ್ಲ. ಆದರೆ ಅದು ನನ್ನದೇ ಕಾರಿನ ಬಾನೆಟ್ಟಿನ ಕೆಳಗೆ ಕೂತು ನನ್ನನ್ನೇ ಸತಾಯಿಸುತ್ತಿದ್ದಾಗ ಗುರುತು ಸಿಗಲಿಲ್ಲ. ಹೊಸ ಬ್ಯಾಟರಿಯ ದುಡ್ಡು ಕೊಟ್ಟ ಮೇಲೆಯೇ ಬುದ್ಧಿ ಬಂದದ್ದು.

ನನ್ನದು 1997ರ ಬಿಳಿ ಮಾರುತಿ 800. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು, ಕಾರ್ಬ್ಯುರೇಟರ್ ಇರುವಂಥದ್ದು. 1983ರ ಡಿಸೆಂಬರಿನಲ್ಲಿ ಶುರುವಾಗಿ 2014ರ ಜನವರಿಯವರೆಗೆ ತಯಾರಾದ ಕಾರಿದು. ಮಲೆನಾಡಿನ ಅಂಗಳಗಳಲ್ಲಿ ಈಗಲೂ ಎಷ್ಟೋ ನಿಂತಿವೆ. ಒಂದು ಜುಲೈ ಬೆಳಿಗ್ಗೆ ಸಾಗರ ಪೇಟೆಗೆ ಹೊರಟಾಗ ಕೀ ತಿರುಗಿಸಿದೆ. ಟಕ್. ಮತ್ತೆ ತಿರುಗಿಸಿದೆ. ಟಕ್. ಹೆಂಡತಿ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಂತವಳು ಏನೂ ಹೇಳಲಿಲ್ಲ; ಹೇಳಿದ್ದರೇ ವಾಸಿಯಿತ್ತು. ತಳ್ಳಿ ಸ್ಟಾರ್ಟ್ ಮಾಡಿ ನೇರವಾಗಿ ಬ್ಯಾಟರಿ ಅಂಗಡಿಗೆ ಹೋದೆ. ಎಷ್ಟು ವರ್ಷದ್ದು ಎಂದರು. ಮೂರೂವರೆ ಎಂದೆ. "ಹಾಗಾದ್ರೆ ಆಯ್ತು ಬಿಡಿ ಅದ್ರದ್ದು" ಎಂದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಹಾಕಿಸಿದೆ. ಸೆಲ್ಫ್ ಗರ್ರನೆ ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮತ್ತೆ ಟಕ್.

ಅಂಗಡಿಯವರು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಹೊಸ ಬ್ಯಾಟರಿ ಕೂರಿಸುವಾಗ ಏನಾಗುತ್ತದೆ ನೋಡಿ. ಎರಡೂ ಕ್ಲಾಂಪು ಬಿಚ್ಚುತ್ತಾರೆ, ಒಳಗಡೆ ಕೆರೆಯುತ್ತಾರೆ, ಹೊಸ ಕಂಬಕ್ಕೆ ಬಿಗಿಯುತ್ತಾರೆ, ಆ ಗಲಾಟೆಯಲ್ಲಿ ವೈರುಗಳೂ ಅಷ್ಟಿಷ್ಟು ಅಲುಗಾಡುತ್ತವೆ. ಕೆಲಸ ಮಾಡಿದ್ದು ಎಷ್ಟೋ ಸಲ ಈ ಕೆರೆಯುವಿಕೆ, ಹೆಸರು ಬಂದದ್ದು ಬ್ಯಾಟರಿಗೆ. ಹಳೆಯ ಕಾರಿನವರು ಎರಡು ವರ್ಷಕ್ಕೊಂದು ಬ್ಯಾಟರಿ ತಿನ್ನಿಸುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಗುಮಾನಿ.

ಕಡೆಗೆ ನನ್ನ ಕಾರು ನೋಡಿದವರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡೈನಮೋ ಕಾಲದಿಂದ ಕೂತಿರುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು. ಅವರು ಬಾನೆಟ್ ಎತ್ತಿ ಬ್ಯಾಟರಿಯ ಕಡೆ ತಿರುಗಿಯೂ ನೋಡಲಿಲ್ಲ. "ಕೀ ತಿರುಗ್ಸಿ ಮೇಷ್ಟ್ರೇ, ಬಿಡಬೇಡಿ" ಎಂದರು. ಟಕ್ ಎಂದಿತು. ನಾಲ್ಕೈದು ಸಲ ಹಾಗೇ ಮಾಡಿಸಿ, ನನ್ನನ್ನು ಕೆಳಗಿಳಿಸಿ, ಆಕ್ಸಿಲರೇಟರ್ ಕೇಬಲ್ಲು ತೋರಿಸಿದರು. "ಮುಟ್ಟಿ ನೋಡಿ." ಬೆಚ್ಚಗಿತ್ತು. ಎಂಜಿನ್ ಶುರುವೇ ಆಗಿಲ್ಲ, ಹೊರಗೆ ಮಳೆಯ ಚಳಿ, ಕೇಬಲ್ ಮಾತ್ರ ಬೆಚ್ಚಗೆ! ಆಮೇಲೆ ಒಂದು ಜಂಪರ್ ಕೇಬಲ್ ತೆಗೆದು ಅದರ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಕಚ್ಚಿಸಿ "ಈಗ ಹೊಡೀರಿ" ಎಂದರು. ಕೀ ಪೂರ್ತಿ ತಿರುಗುವ ಮೊದಲೇ ಎಂಜಿನ್ ಎದ್ದಿತ್ತು.

ಬ್ಯಾಟರಿಯ ನೆಗೆಟಿವ್‌ನಿಂದ ಒಂದು ವೈರು ಕಾರಿನ ಬಾಡಿಗೂ ಒಂದು ದಪ್ಪ ವೈರು ಎಂಜಿನ್–ಗೇರ್‌ಬಾಕ್ಸಿನ ಕಡೆಗೂ ಹೋಗುತ್ತದೆ. ಇದನ್ನೇ ಗ್ಯಾರೇಜಿನಲ್ಲಿ ಅರ್ತ್ ಎನ್ನುವುದು. ನನ್ನ ಕಾರಿನಲ್ಲಿ ಆ ದಪ್ಪ ವೈರು ಗೇರ್‌ಬಾಕ್ಸಿಗೆ ಸೇರುವ ಜಾಗದ ಲಗ್ಗು ತುಕ್ಕು, ಕೆಸರು, ಎಣ್ಣೆ ಎಲ್ಲ ಕೂಡಿ ಬೆಲ್ಲದಚ್ಚಿನ ಹಾಗಾಗಿತ್ತು. ಪಾಸಿಟಿವ್‌ನಿಂದ ಹೊರಟ ಕರೆಂಟು ಸೆಲ್ಫ್ ಮೋಟಾರಿನೊಳಗೆ ಹೋಗುವುದನ್ನಷ್ಟೇ ನಾವು ಯೋಚಿಸುತ್ತೇವೆ. ಹೋದದ್ದು ತಿರುಗಿ ಬ್ಯಾಟರಿಗೆ ಬರಬೇಕಲ್ಲ, ಬರುವ ದಾರಿ ಅದು. ಆ ದಾರಿ ಕೆಟ್ಟಾಗ ಕರೆಂಟು ಬೇರೆ ಲೋಹ ಹುಡುಕುತ್ತದೆ: ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಚೋಕ್ ಕೇಬಲ್. ಅಷ್ಟು ತೆಳ್ಳಗಿನ ತಂತಿಯಲ್ಲಿ ಅಷ್ಟು ಕರೆಂಟು ನುಗ್ಗಲು ನೋಡಿದರೆ ಅದು ಬಿಸಿಯಾಗದೆ ಏನಾದೀತು? ಕ್ಲಚ್ ಕೇಬಲ್ಲಿನಿಂದ ಹೊಗೆ ಬಂದ ಕಾರುಗಳನ್ನೂ ಅವರು ನೋಡಿದ್ದಾರಂತೆ.

ಹಾಗಾದರೆ ಲೈಟು ಅಷ್ಟು ಚೆನ್ನಾಗಿ ಉರಿದದ್ದು ಹೇಗೆ? ಫೋನು ಮಾಡುವವರೆಲ್ಲ ಸಿಕ್ಕಿಬೀಳುವುದು ಇಲ್ಲಿ. ನಮ್ಮ ಕಡೆ ಗುಡ್ಡದ ಅಬ್ಬಿಯಿಂದ ಮನೆಗೆ ಪೈಪಿನಲ್ಲಿ ನೀರು ಬರುತ್ತದೆ. ಪೈಪಿನ ಬಾಯಿಗೆ ಅರ್ಧ ಎಲೆ ಕಟ್ಟಿಕೊಂಡಿದೆ ಎನ್ನಿ. ಅಡುಗೆಮನೆಯ ನಲ್ಲಿ ಸಣ್ಣಗೆ ಬಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ, ನೀರು ಎಂದಿನ ಹಾಗೆಯೇ ಬರುತ್ತದೆ. ಬಚ್ಚಲ ಹಂಡೆ ತುಂಬಿಸಲು ದೊಡ್ಡ ನಲ್ಲಿ ತಿರುಗಿಸಿದಾಗ ಮಾತ್ರ ಸೊರಸೊರ ಎಂದು ನಿಂತುಬಿಡುತ್ತದೆ. ಕಾರಿನಲ್ಲಿ ಒಂದು ಹೆಡ್‌ಲೈಟು ಎಳೆಯುವುದು ಐದು ಆಂಪಿಯರ್ ಆಸುಪಾಸು. ಸಣ್ಣ ಕಾರಿನ ಸೆಲ್ಫ್ ಮೋಟಾರು ಎಂಜಿನ್ ತಿರುಗಿಸುವಾಗ ಎಳೆಯುವುದು ನೂರರ ಮೇಲೆ, ಮೊದಲ ಜಗ್ಗಿನಲ್ಲಿ ಇನ್ನೂ ಹೆಚ್ಚು. ಲೆಕ್ಕಕ್ಕೆ 150 ಎಂದಿಟ್ಟುಕೊಳ್ಳಿ. ಒಂದು ಕೊಳಕು ಕೀಲಿನಲ್ಲಿ 0.02 ಓಮ್ ರೋಧ ಹುಟ್ಟಿದರೆ ಲೈಟಿನ ದಾರಿಯಲ್ಲಿ ಅದು ನುಂಗುವುದು 0.1 ವೋಲ್ಟ್, ಕಣ್ಣಿಗೆ ಕಾಣದು. ಅದೇ ಕೀಲು ಸೆಲ್ಫಿನ ದಾರಿಯಲ್ಲಿ ನುಂಗುವುದು 3 ವೋಲ್ಟ್. ಹನ್ನೆರಡು ವೋಲ್ಟಿನ ಮನೆಯಲ್ಲಿ ಮೂರು ಕಳವಾದರೆ ಸಂಸಾರ ನಡೆಯುವುದಿಲ್ಲ. ಓಮನ ನಿಯಮ ಇಷ್ಟೇ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದೆ.

ಇಷ್ಟೊಂದು ಆಂಪಿಯರ್ ಯಾಕೆ ಬೇಕು ಎಂದು ಒಬ್ಬರು ಕೇಳಿದ್ದರು. ಬಾವಿಯ ಮೇಲಿನ 1 ಎಚ್‌ಪಿ ಪಂಪು ನೆನಪು ಮಾಡಿಕೊಳ್ಳಿ. ಅದಕ್ಕೆ ಸಿಗುವುದು 230 ವೋಲ್ಟ್. ಹಾಗಾಗಿ ಐದಾರು ಆಂಪಿಯರಿನಲ್ಲಿ ಅದರ ಕೆಲಸ ಮುಗಿಯುತ್ತದೆ. ಹೆಚ್ಚು ಕಡಿಮೆ ಅಷ್ಟೇ ತಾಕತ್ತನ್ನು 12 ವೋಲ್ಟಿನಲ್ಲಿ ತೆಗೆಯಬೇಕೆಂದರೆ ಆಂಪಿಯರ್ ಇಪ್ಪತ್ತು ಪಟ್ಟು ಏರಬೇಕು. ಅದಕ್ಕೇ ಸೆಲ್ಫಿಗೆ ಹೋಗುವ ವೈರು ಹೆಬ್ಬೆರಳು ದಪ್ಪ, ಲೈಟಿನದು ಹುರಿಯಷ್ಟು. ಸೆಲ್ಫ್ ಮೋಟಾರನ್ನು ಮೊದಲು ಕಾರಿಗೆ ಕೂರಿಸಿ ಗೆದ್ದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್, 1912ರ ಕ್ಯಾಡಿಲಾಕ್‌ನಲ್ಲಿ. ಅದಕ್ಕೂ ಮೊದಲು ಅವರು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಗಲ್ಲಾ ಯಂತ್ರಕ್ಕೆ ಮೋಟಾರು ಜೋಡಿಸಿದ್ದರು. ಗಲ್ಲಾ ಯಂತ್ರದ ಮೋಟಾರು ಇಡೀ ದಿನ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ಜಗ್ಗಿದರೆ ಸಾಕು. ಕಾರಿನದೂ ಹಾಗೆಯೇ. ಸಣ್ಣ ಮೋಟಾರಿನ ಮೇಲೆ ಕೆಲವೇ ಸೆಕೆಂಡು ಅದರ ಯೋಗ್ಯತೆಗೆ ಮೀರಿದ ಭಾರ ಹೊರಿಸಬಹುದು ಎಂಬುದೇ ಸೆಲ್ಫಿನ ಗುಟ್ಟು. ಆದ್ದರಿಂದ ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯಬೇಡಿ, ಎಳೆದ ಮೇಲೆ ಒಂದು ನಿಮಿಷ ಬಿಡಿ. ಸಿಟ್ಟಿನಲ್ಲಿ ಕೀ ತಿರುಗಿಸಿ ಹಿಡಿದು ಮೋಟಾರು ಸುಟ್ಟವರಿದ್ದಾರೆ.

ಅಪ್ಪನ ಕಾಲಕ್ಕೆ ಈ ತಾಪತ್ರಯ ಇರಲಿಲ್ಲ, ಬೇರೆಯದಿತ್ತು. ಅಂಬಾಸಿಡರಿನ ಮುಂದೆ ಬಂಪರಿನ ತೂತಿನಲ್ಲಿ ಹ್ಯಾಂಡಲ್ ತೂರಿಸಿ ಸುತ್ತುತ್ತಿದ್ದರು. ಹೆಬ್ಬೆರಳನ್ನು ಉಳಿದ ಬೆರಳಿನ ಪಕ್ಕಕ್ಕೇ ಇಟ್ಟುಕೊಳ್ಳಬೇಕು, ಹ್ಯಾಂಡಲಿಗೆ ಸುತ್ತಿ ಹಿಡಿಯಬಾರದು. ಎಂಜಿನ್ ತಿರುಗಿ ಒದ್ದರೆ ಹೆಬ್ಬೆರಳೋ ಮಣಿಕಟ್ಟೋ ಹೋಯಿತೆಂದೇ ಲೆಕ್ಕ. ನನಗೆ ಸ್ಟಿಯರಿಂಗ್ ಮುಟ್ಟಲು ಬಿಡುವ ಮೊದಲು ಅಪ್ಪ ಹೇಳಿಕೊಟ್ಟ ಪಾಠ ಇದು.

ಈಗ ನಿಮ್ಮ ಅಂಗಳದ ಕಾರಿನ ವಿಷಯ. ಸ್ಪ್ಯಾನರು ಹಿಡಿಯುವ ಮೊದಲು ಕಿವಿ ಕೊಡಿ. ಕೀ ತಿರುಗಿಸಿದಾಗ ಮಳೆಹುಳದ ಹಾಗೆ ಕಟಕಟಕಟ ಎಂದು ಒಂದೇ ಸಮನೆ ಬಡಿದುಕೊಂಡರೆ ಕರೆಂಟು ಬಡವಾಗಿದೆ. ಸೆಲ್ಫಿನ ಮೇಲೆ ಕೂತಿರುವ ಸೊಲೆನಾಯ್ಡು ಎಳೆದು ಹಿಡಿಯುತ್ತದೆ, ಹಿಡಿದ ಕೂಡಲೇ ಮೋಟಾರು ಇದ್ದಬದ್ದ ವೋಲ್ಟನ್ನೆಲ್ಲ ಹೀರುತ್ತದೆ, ಸೊಲೆನಾಯ್ಡು ಕೈ ಬಿಡುತ್ತದೆ, ವೋಲ್ಟು ಮತ್ತೆ ಏರುತ್ತದೆ, ಮತ್ತೆ ಹಿಡಿಯುತ್ತದೆ. ಇದು ನಿಜಕ್ಕೂ ಬ್ಯಾಟರಿಯ ಕತೆ ಇರಬಹುದು, ಅಥವಾ ಅದರ ಕಂಬದ ಮೇಲಿನ ಕ್ಲಾಂಪಿನ ಕತೆ. ಒಂದೇ ಒಂದು ಗಟ್ಟಿ ಟಕ್ ಆದರೆ ಸೊಲೆನಾಯ್ಡು ತನ್ನ ಕೆಲಸ ಮಾಡಿದೆ, ಅದರಾಚೆ ತಡೆಯಾಗಿದೆ. ಅದರೊಳಗಿನ ತಾಮ್ರದ ಕಾಂಟ್ಯಾಕ್ಟು ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು, ನನ್ನ ಕಾರಿನ ಹಾಗೆ ಅರ್ತ್ ಹೋಗಿರಬಹುದು. ಮೋಟಾರು ಖಾಲಿ ಗಿರ್ರೆಂದು ತಿರುಗಿ ಎಂಜಿನ್ ಅಲುಗದಿದ್ದರೆ ಹಲ್ಲು ಹಲ್ಲಿಗೆ ಕಚ್ಚುತ್ತಿಲ್ಲ. ಅದು ಸೆಲ್ಫ್ ಬಿಚ್ಚಿಸುವ ಕೆಲಸ. ಎಂಜಿನ್ ಚೆನ್ನಾಗಿಯೇ ತಿರುಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ ಎನ್ನುವವರು ಬ್ಯಾಟರಿಯನ್ನು ದಯವಿಟ್ಟು ಬಿಟ್ಟುಬಿಡಿ. ನಿಮ್ಮದು ಕಿಡಿಯದ್ದೋ ಪೆಟ್ರೋಲಿನದ್ದೋ ಸಮಸ್ಯೆ. ಮಳೆಗಾಲದಲ್ಲಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿ ನೋಡಿ. ಕತ್ತಲಲ್ಲಿ ಬಾನೆಟ್ ಎತ್ತಿ ಯಾರಿಂದಲಾದರೂ ಕೀ ತಿರುಗಿಸಿದರೆ ಹಳೆಯ ಪ್ಲಗ್ ವೈರುಗಳ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಾಣಿಸುತ್ತದೆ. ನೋಡಲು ಚೆಂದ, ಕೈ ಇಡಬೇಡಿ.

ಏನೂ ಸದ್ದೇ ಇಲ್ಲದ ಕಾರುಗಳದ್ದು ಬೇರೆ ಜಾತಿ. ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತದೆ, ಕೀ ಕೊನೆಯವರೆಗೆ ತಿರುಗಿಸಿದರೂ ಮೌನ. ಅಪ್ಪಣೆ ಸೊಲೆನಾಯ್ಡಿಗೆ ತಲುಪುತ್ತಲೇ ಇಲ್ಲ. ಅಪ್ಪಣೆ ಒಯ್ಯುವುದು ಕೀ ಸ್ವಿಚ್ಚಿನಿಂದ ಬರುವ ಒಂದು ಸಣ್ಣ ವೈರು. ಇಪ್ಪತ್ತೈದು ವರ್ಷ ತಿರುಗಿಸಿದ ಸ್ವಿಚ್ಚಿನ ಒಳಗಿನ ತಗಡು ಸವೆದು, ಹನ್ನೆರಡು ವೋಲ್ಟ್ ಹೋಗಬೇಕಾದಲ್ಲಿ ಏಳೆಂಟು ಹೋಗುತ್ತದೆ. ಹತ್ತು ಸಲ ತಿರುಗಿಸಿದರೆ ಹನ್ನೊಂದನೆಯ ಸಲ ಹೊಡೆಯುವ ಕಾರುಗಳು ಹೆಚ್ಚಾಗಿ ಇವೇ. ಎಲೆಕ್ಟ್ರಿಷಿಯನ್ನರು ಇದಕ್ಕೊಂದು ನಾಲ್ಕು ಪಿನ್ನಿನ ರಿಲೇ ಹಾಕಿಕೊಡುತ್ತಾರೆ. ಆಗ ಸ್ವಿಚ್ಚು ರಿಲೇಯನ್ನಷ್ಟೇ ಎಬ್ಬಿಸಿದರೆ ಸಾಕು, ಸೊಲೆನಾಯ್ಡಿನ ಕರೆಂಟು ಬ್ಯಾಟರಿಯಿಂದ ನೇರ ಹೋಗುತ್ತದೆ. ಅಗ್ಗದ, ಮರ್ಯಾದಸ್ಥ ರಿಪೇರಿ. ಸ್ವಿಚ್ಚಿನ ಬದಲು ಇಲಿಯೂ ಕಾರಣವಿರಬಹುದು. ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರು ಮೊದಲು ವೈರಿನ ಸಿಪ್ಪೆ ನೋಡಿ, ಆಮೇಲೆ ತಲೆ ಓಡಿಸಿ.

ಇನ್ನೊಂದು ಕಣ್ಣಿನ ಪರೀಕ್ಷೆ ಇದೆ. ಹೆಡ್‌ಲೈಟ್ ಹಾಕಿ, ಗೋಡೆಯ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು ಕೀ ತಿರುಗಿಸಿ. ಬೆಳಕು ಎಣ್ಣೆ ತೀರಿದ ಹಣತೆಯ ಹಾಗೆ ಕುಸಿದರೆ ಬ್ಯಾಟರಿ ಸೋತಿದೆ ಅಥವಾ ಅದರ ಕಂಬಕ್ಕೆ ಕ್ಲಾಂಪು ಸರಿಯಾಗಿ ಕೂತಿಲ್ಲ, ಯಾಕೆಂದರೆ ಲೈಟೂ ಸೆಲ್ಫೂ ಕೂಡಿ ಹಾಯುವ ದಾರಿ ಅದೊಂದೇ. ಬೆಳಕು ಅಲುಗದೆ ನಿಂತು ಟಕ್ ಎಂದಷ್ಟೇ ಆದರೆ ಬ್ಯಾಟರಿಯಲ್ಲಿ ಸರಕಿದೆ, ಅದು ಸೆಲ್ಫಿನವರೆಗೆ ಹೋಗಿ ಬರುತ್ತಿಲ್ಲ. ಇಷ್ಟು ಗೊತ್ತಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಮುನ್ನೂರು ನಾನ್ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ ಎಂದರೆ ಹಲವರು ಹೆದರುತ್ತಾರೆ. ಮಿಕ್ಸಿ ತಿರುಗಿಸುವುದಕ್ಕಿಂತ ಅದು ಸುಲಭ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ತೋರಿಸಿದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಹೋದರೆ ಹಸಿದಿದೆ. ಎಂಜಿನ್ ಓಡುವಾಗ 13.8ರಿಂದ 14.5ರೊಳಗೆ ಇರಬೇಕು, ಇಲ್ಲದಿದ್ದರೆ ಆಲ್ಟರ್ನೇಟರು ಬ್ಯಾಟರಿಗೆ ಊಟ ಹಾಕುತ್ತಿಲ್ಲ, ನೀವು ಎಷ್ಟು ಹೊಸದು ಹಾಕಿದರೂ ಅದು ಉಪವಾಸವೇ. ನನಗೆ ಬಹಳ ಇಷ್ಟವಾದ ಪರೀಕ್ಷೆ ಮಾತ್ರ ಇನ್ನೊಂದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತಿ (ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ), ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ, ಮನೆಯವರಿಂದ ಕೀ ತಿರುಗಿಸಿ. ಎರಡೂ ಒಂದೇ ನೆಗೆಟಿವ್ ತಾನೇ, ಅಲ್ಲಿ ವೋಲ್ಟ್ ಎಲ್ಲಿಂದ ಬರಬೇಕು ಎಂದು ನಿಮಗನ್ನಿಸುತ್ತದೆ. ಸರಿಯಾದ ಕಾರಿನಲ್ಲಿ 0.2ರ ಆಚೆ ಈಚೆ ಬರುತ್ತದೆ. ನನ್ನದರಲ್ಲಿ 3ರ ಮೇಲೆ ಬಂತು. ಕಳ್ಳ ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದ ಹಾಗೆ. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೂ ಹೀಗೆಯೇ ಅಳೆಯಬಹುದು. ಅಲ್ಲಿ ಕಡ್ಡಿ ಬಾಡಿಗೆ ತಾಗದ ಹಾಗೆ ಎಚ್ಚರ. ಪರೀಕ್ಷೆಯುದ್ದಕ್ಕೂ ಗೇರು ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಫ್ಯಾನಿನ ಕಡೆ ಸೆರಗು, ಟವೆಲ್ಲು ಹೋಗದಿರಲಿ.

ಕ್ಲಾಂಪು ಶುಚಿ ಮಾಡುವುದು ಗಂಡ ಹೆಂಡತಿ ಸೇರಿ ಭಾನುವಾರ ಮಾಡಬಹುದಾದ ಕೆಲಸ. ಕಂಬದ ಮೇಲೆ ಬಿಳಿ ಹಿಟ್ಟು ಕೂತಿದ್ದರೆ ಅದು ಸೀಸದ ಸಲ್ಫೇಟು, ಹಸಿರು–ನೀಲಿ ಇದ್ದರೆ ತಾಮ್ರದ್ದು. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮೇಲಿಂದ ಬಿಟ್ಟರೆ ನೊರೆಯೆದ್ದು ಕರಗಿ ಹೋಗುತ್ತದೆ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ಒಳಗೆ ಇಳಿಯಬಾರದು. ಹತ್ತು ನಂಬರಿನ ಸ್ಪ್ಯಾನರಿನಲ್ಲಿ ಮೊದಲು ನೆಗೆಟಿವ್ ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಹಾಕಿ. ಇಡೀ ಬಾಡಿಯೇ ನೆಗೆಟಿವ್ ಆಗಿರುವಾಗ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರು ಪಕ್ಕದ ತಗಡಿಗೆ ತಾಗಿದರೆ ದೀಪಾವಳಿ. ಕೆರೆದು ಹೊಳೆಯಿಸಿ ಬಿಗಿದ ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿ. ಕೆಲವರು ಸವರಿ ಆಮೇಲೆ ಬಿಗಿಯುತ್ತಾರೆ, ಅದು ತಿರುವುಮುರುವು. ಬೀಡಿ ಸಿಗರೇಟು ದೂರ. ಚಾರ್ಜ್ ಆಗುವ ಬ್ಯಾಟರಿ ಜಲಜನಕ ಬಿಡುತ್ತದೆ.

ಬೆಂಗಳೂರಿನಲ್ಲಿರುವ ನಮ್ಮ ಹುಡುಗರ ದೂರು ಬೇರೆ. ವಾರವಿಡೀ ಮೆಟ್ರೋ, ಭಾನುವಾರ ಮಾತ್ರ ಅಪ್ಪ ಕೊಟ್ಟ ಹಳೆಯ ಕಾರು. ಪ್ರತಿ ಭಾನುವಾರ ಬ್ಯಾಟ್ರಿ ಡೌನ್. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ಮೋ ಸೆಂಟ್ರಲ್ ಲಾಕೋ ರಾತ್ರಿಹಗಲು 0.2 ಆಂಪಿಯರ್ ಕುಡಿಯುತ್ತಿದೆ ಎನ್ನಿ. ದಿನಕ್ಕೆ 4.8 ಆಂಪಿಯರ್ ಅವರ್ ಆಯಿತು. ಮಾರುತಿ 800ರ ಬ್ಯಾಟರಿ 35ರದ್ದು. ನಾಲ್ಕು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ, ಭಾನುವಾರಕ್ಕೆ ಏನುಳಿಯುತ್ತದೆ? ಅಂಥವರು ಬ್ಯಾಟರಿ ಬದಲಿಸುವುದಕ್ಕಿಂತ ಆ ಸೆಟ್ಟಿನ ಫ್ಯೂಸು ಕಿತ್ತು ಒಂದು ವಾರ ನೋಡಲಿ.

ಕಳೆದ ವಾರದ ಸಂಗತಿ ಹೇಳಿ ಬಿಡುತ್ತೇನೆ. ಆಚೆಮನೆಯ ಭಾವನ ಕಾರು ಅಂಗಳದಲ್ಲೇ ಟಕ್ ಎಂದು ನಿಂತಿತ್ತು. ನಾನು ಕೊಡೆ ಹಿಡಿದು ಹೋಗುವಷ್ಟರಲ್ಲಿ ಅವರು ಪೇಟೆಗೆ ಫೋನು ಮಾಡಿಯಾಗಿತ್ತು. ಬಾನೆಟ್ ಎತ್ತಿ ನೆಗೆಟಿವ್ ಕ್ಲಾಂಪು ಹಿಡಿದರೆ ಬಳೆಯ ಹಾಗೆ ಸುತ್ತ ತಿರುಗಿತು. ಹತ್ತು ನಂಬರಿನಲ್ಲಿ ಎರಡು ಸುತ್ತು ಬಿಗಿದೆ. ಎಂಜಿನ್ ಎದ್ದು, ಭಾವ ಅದನ್ನು ಆರಿಸಲು ಧೈರ್ಯ ಸಾಲದೆ ಓಡಲು ಬಿಟ್ಟು, ನಾವಿಬ್ಬರೂ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಗೇಟಿನಲ್ಲಿ ಸ್ಕೂಟರ್ ನಿಂತಿತು. ಹುಡುಗ ರೇನ್‌ಕೋಟಿನಲ್ಲಿ ತೊಯ್ದು ತೊಪ್ಪೆಯಾಗಿದ್ದ, ಕಾಲ ಬಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊಸ ಬ್ಯಾಟರಿ. ಓಡುತ್ತಿರುವ ಕಾರನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದ.

"ಹಂಗಾದ್ರೆ ಇದ್ನ ಎಂತ ಮಾಡ್ಲಿ ಸಾರ್?"

ಭಾವ ಒಳಗೆ ತಿರುಗಿ, ಇನ್ನೊಂದು ಲೋಟ ಕಾಫಿ ಎಂದು ಕೂಗಿದರು.